ಇಷ್ಟು ಸೆಕೆಯಲ್ಲಿ ಕೂತು ಕೊಲೆ ಯಾಕೆ ನೋಡ್ತೀರಿ?

ಮಾರ್ಚ್ ಬಂತೆಂದರೆ ಬೆಂಗಳೂರಿನ ಚಿಕ್ಕಮ್ಮನ ಫೋನ್ ಶುರು. "ನೀನೂ ಅಕ್ಕನೂ ಇಲ್ಲಿಗೇ ಬಂದು ಎರಡು ತಿಂಗಳು ಇರಬಾರದಾ? ಆ ಮಂಗಳೂರಿನ ಸೆಕೆಯಲ್ಲಿ ಹೇಗೆ ಇರ್ತೀರೋ! ಸಾಲದ್ದಕ್ಕೆ ರಾತ್ರಿಯೆಲ್ಲ ಟೀವಿಯಲ್ಲಿ ಕೊಲೆ ನೋಡ್ತೀರಂತೆ. ಸ್ವಲ್ಪ ನೆಮ್ಮದಿಯಾದದ್ದು ಏನೂ ಸಿಗುವುದಿಲ್ವಾ?"

ಚಿಕ್ಕಮ್ಮ ಒಬ್ಬರೇ ಅಲ್ಲ. ಮನೆಗೆ ಬಂದವರು, ಪಕ್ಕದ ಮನೆಯವರು, ಒಮ್ಮೆ ಫ್ಯಾನ್ ರಿಪೇರಿಗೆ ಬಂದ ಹುಡುಗ ಕೂಡ ಇದನ್ನೇ ಕೇಳಿದ. ಸೆಕೆ ತಡೆಯುವುದು ಹೇಗೆ ಅಂತ ಒಂದು ಪ್ರಶ್ನೆ, ಕೊಲೆ ನೋಡುವುದು ಯಾಕೆ ಅಂತ ಇನ್ನೊಂದು. ನನ್ನ ಹತ್ತಿರ ಎರಡಕ್ಕೂ ಸೇರಿ ಇರುವುದು ಒಂದೇ ಉತ್ತರ. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೆಕೆಯ ವಿಷಯ. ಕಲಬುರಗಿ ಕಡೆಯ ಗೆಳತಿಯೊಬ್ಬಳು ನಮ್ಮ ಊರಿನ ಹವಾಮಾನ ನೋಡಿ ನಕ್ಕಿದ್ದಳು. "ನಮ್ಮಲ್ಲಿ 42 ಆಗ್ತದ. ನಿಮ್ಮಲ್ಲಿ ಬರೇ 35, ಅದಕ್ಕೇ ಇಷ್ಟು ಗೋಳಾ?" ಏಪ್ರಿಲ್‌ನಲ್ಲಿ ಬಂದಳು. ಬಸ್ಸಿಳಿದು ರಿಕ್ಷಾ ಹತ್ತುವಷ್ಟರಲ್ಲಿ ಅವಳ ಕುಪ್ಪಸ ಬೆನ್ನಿಗೆ ಅಂಟಿತ್ತು. ಮನೆಗೆ ಬಂದವಳು ಮುಖ ತೊಳೆದಳು, ಒರೆಸಿಕೊಂಡಳು, ಮತ್ತೆ ತೊಳೆದಳು. ಮುಖ ಒಣಗಲೇ ಇಲ್ಲ. "ಇದೇನು, ಒರೆಸಿದಷ್ಟೂ ಬರ್ತದಲ್ಲ?" ಅಂದಳು. ನಾನು ಏನೂ ಹೇಳಲಿಲ್ಲ. ಬೈರಾಸು ಕೊಟ್ಟೆ.

ವಿಷಯ ಇಷ್ಟೇ. ಬೆವರು ಬಂದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ಆಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಒಂದು ಒಳ್ಳೆಯ ಊಟದಲ್ಲಿ ಸಿಗುವಷ್ಟು. ಕಲಬುರಗಿಯ ಒಣ ಗಾಳಿ ಆ ಬೆವರನ್ನು ಕಣ್ಣಿಗೆ ಕಾಣುವ ಮೊದಲೇ ಕುಡಿದುಬಿಡುತ್ತದೆ. ನಮ್ಮ ಗಾಳಿಯ ಹೊಟ್ಟೆ ಸಮುದ್ರದ ನೀರಿನಿಂದ ಮೊದಲೇ ತುಂಬಿರುತ್ತದೆ, ಅದಕ್ಕೆ ಇನ್ನು ಕುಡಿಯಲು ಜಾಗವಿಲ್ಲ. ಹಾಗಾಗಿ ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ಮಾತ್ರ ಬಿಸಿಯಾಗಿಯೇ ಉಳಿಯಿತು.

ಹವಾಮಾನ ಇಲಾಖೆಗೂ ಇದು ಗೊತ್ತು. ಬಿಸಿಗಾಳಿ ಅಂತ ಘೋಷಿಸಬೇಕಾದರೆ ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಕರಾವಳಿಯಲ್ಲಿ 37 ಮುಟ್ಟಿ, ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇದ್ದರೆ ಸಾಕು. ಈ ಮೂರು ಡಿಗ್ರಿ ರಿಯಾಯಿತಿ ನಮಗೆ ಸುಮ್ಮನೆ ಸಿಕ್ಕಿದ್ದಲ್ಲ!

ಹಗಲು ಹೇಗೋ ಕಳೆಯುತ್ತದೆ. ಹನ್ನೊಂದು ಗಂಟೆ ಮೇಲೆ ಕಡಲ ಕಡೆಯಿಂದ ಗಾಳಿ ಬೀಸುತ್ತದೆ. ಪುನರ್ಪುಳಿ ಶರಬತ್ತು ಉಂಟು, ಬೊಂಡ ಉಂಟು, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಕತ್ತಿನ ಸುತ್ತ ಬೆವರುಸಾಲೆಗೆ ಪೌಡರು. ಇದನ್ನೆಲ್ಲ ಎಲ್ಲರೂ ಬರೆಯುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ.

ಕಷ್ಟ ಇರುವುದು ಸಂಜೆ ಏಳರಿಂದ ಹತ್ತೂವರೆಯ ತನಕ. ಕಡಲಿನಿಂದ ನೆಲಕ್ಕೆ ಬೀಸುವ ಗಾಳಿ ಕತ್ತಲಾಗುತ್ತಿದ್ದಂತೆ ನಿಲ್ಲುತ್ತದೆ. ನೆಲದಿಂದ ಕಡಲಿಗೆ ಹೋಗುವ ಗಾಳಿ ಇನ್ನೂ ಹುಟ್ಟಿರುವುದಿಲ್ಲ. ನಡುವೆ ಒಂದೆಲೆಯೂ ಅಲುಗಾಡದ ಹೊತ್ತು. ನಮ್ಮದು ಮೇಲಿನ ಮಹಡಿ. ಹಗಲಿಡೀ ಬಿಸಿಲು ಕುಡಿದ ಸ್ಲ್ಯಾಬು ಆಗಲೇ ಅದನ್ನು ಕೆಳಗೆ ಬಿಡಲು ಶುರು ಮಾಡುತ್ತದೆ. ಅಮ್ಮನ ತವರುಮನೆಗೆ ಹೆಂಚಿನ ಮಾಡು ಇತ್ತು. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಟುಹೋಗುತ್ತಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ನಾವು ನೂರು ಚಿಲ್ಲರೆ ವರ್ಷ ಅದರ ಕೆಳಗೆ ಸುಖವಾಗಿದ್ದು ಆಮೇಲೆ ಕಾಂಕ್ರೀಟಿನ ಕೆಳಗೆ ಬಂದೆವು. ಯಾಕೆ ಅಂತ ಕೇಳಬೇಡಿ. ಏಸಿ ಇರುವುದು ಅಮ್ಮ ಮಲಗುವ ಕೋಣೆಯಲ್ಲಿ ಮಾತ್ರ, ಅದನ್ನು ಹನ್ನೊಂದರ ಮೊದಲು ಹಾಕಲು ಅಮ್ಮ ಬಿಡುವುದಿಲ್ಲ. ಬಿಲ್ಲು ಬರುವುದು ಅಮ್ಮನ ಹೆಸರಿಗೆ.

ಈ ಹೊತ್ತಿಗೆ ಮದ್ದು ಒಂದೇ, ಅಲುಗಾಡದೆ ಕೂರುವುದು. ಸುಮ್ನೆ ಕೂತ ಮನುಷ್ಯನ ಮೈ ಕೂಡ ಹೆಚ್ಚುಕಡಿಮೆ ನೂರು ವಾಟಿನ ಹಳೇ ಬಲ್ಬಿನಷ್ಟು ಶಾಖ ಬಿಡುತ್ತದೆ. ಎದ್ದು ಓಡಾಡಿದರೆ ಎರಡು ಬಲ್ಬು, ಮೂರು ಬಲ್ಬು. ಆದರೆ ಸುಮ್ನೆ ಕೂರುವುದು ಹೇಳಿದಷ್ಟು ಸುಲಭವಲ್ಲ. ಮಾಡಲು ಏನೂ ಇಲ್ಲದಿದ್ದರೆ ಮನಸ್ಸು ಬೆವರಿನ ಹಿಂದೆಯೇ ಹೋಗುತ್ತದೆ. ಈಗ ಕಿವಿಯ ಹಿಂದಿನಿಂದ ಒಂದು ಹನಿ ಹೊರಟಿತು, ಈಗ ಕತ್ತಿಗೆ ಬಂತು, ಈಗ ಬೆನ್ನುಹುರಿಯ ಗುಂಡಿಯಲ್ಲಿ. ಹೀಗೆ ಹನಿ ಎಣಿಸುತ್ತಾ ಕೂತರೆ ಹುಚ್ಚು ಹಿಡಿಯುತ್ತದೆ.

ಹಾಗಾಗಿ ಮನಸ್ಸನ್ನು ಕಟ್ಟಿಹಾಕಬೇಕು, ಮೈ ಅಲುಗಬಾರದು. ನಾವು ಎಲ್ಲ ಪ್ರಯೋಗ ಮಾಡಿ ನೋಡಿದ್ದೇವೆ. ಸರಿಯಾಗಿ ಅದೇ ಏಪ್ರಿಲ್-ಮೇಯಲ್ಲಿ ಐಪಿಎಲ್ ಇರುತ್ತದೆ. ಕ್ರಿಕೆಟ್ ನೋಡಿದರೆ ನಾನು ಎದ್ದು ನಿಲ್ಲುತ್ತೇನೆ, ಕೈ ಬೀಸುತ್ತೇನೆ, ನಾಲ್ಕು ಓವರಿಗೆ ನೈಟಿ ಒದ್ದೆ. ಮನೆಮಂದಿಯ ಧಾರಾವಾಹಿ ಇನ್ನೂ ಕಷ್ಟ. ಅಡುಗೆಮನೆಯಲ್ಲೂ ರೇಷ್ಮೆ ಸೀರೆ ಉಟ್ಟು ಮೈತುಂಬ ಒಡವೆ ಹಾಕಿಕೊಂಡವರನ್ನು ನೋಡುವಾಗಲೇ ನನಗೆ ಉಬ್ಬಸ ಬರುತ್ತದೆ. ಅಮ್ಮನಂತೂ ಅತ್ತೆ ಪಾತ್ರದ ಜೊತೆ ಜಗಳಕ್ಕೇ ಇಳಿಯುತ್ತಾರೆ. "ನಿನ್ಗೆ ಎಂತ ಬಂದದ್ದು, ಬುದ್ಧಿ ಇಲ್ವಾ" ಅಂತ ಟೀವಿಗೆ ಬೈದು ಬಿಪಿ ಏರಿಸಿಕೊಳ್ಳುತ್ತಾರೆ.

ಕೊಲೆಯ ಕತೆ ಹಾಗಲ್ಲ. ಹೆಣ ಸಿಕ್ಕಿತು. ಅಲ್ಲಿಂದ ಯಾರೂ ಗಡಿಬಿಡಿ ಮಾಡುವುದಿಲ್ಲ. ಪೊಲೀಸು ನಿಧಾನ ಬರುತ್ತಾನೆ, ಲೋಟ ನೋಡುತ್ತಾನೆ, ಕಿಟಕಿ ನೋಡುತ್ತಾನೆ, ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾನೆ. ನಾವೂ ಉಸಿರು ಬಿಗಿಹಿಡಿದು ಸುಮ್ಮನಾಗುತ್ತೇವೆ. ಮುಕ್ಕಾಲು ಗಂಟೆ ಕಳೆದು ನೋಡಿದರೆ ಕೂತ ಕಡೆಯಿಂದ ಕಾಲು ಕೂಡ ಸರಿದಿರುವುದಿಲ್ಲ. ಚಿಕ್ಕಮ್ಮ ಹೇಳುವ ನೆಮ್ಮದಿ ಇದೇ ಅಲ್ವಾ?

ಅಮ್ಮನಿಗೆ ಈ ಅಭ್ಯಾಸ ಹತ್ತಿಸಿದ್ದು 'ಸಿಐಡಿ'. 1998ರಿಂದ 2018ರ ತನಕ 20 ವರ್ಷ ಬಂದು ನಿಂತು, 2024ರ ಕೊನೆಯಲ್ಲಿ ಮತ್ತೆ ಶುರುವಾಯಿತಲ್ಲ, ಅದು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ. ಬಾಗಿಲು ಒಡೆಯುವ ದಯಾ ಪಾತ್ರ ಮಾಡುವ ದಯಾನಂದ ಶೆಟ್ಟಿ ಉಡುಪಿ ಹತ್ತಿರದ ಕಟಪಾಡಿಯವರು ಅಂತ ಗೊತ್ತಾದದ್ದೇ ಸಾಕಾಯಿತು. "ನಮ್ಮ ಊರಿನ ಮಾಣಿ, ನೋಡಿದ್ರೇ ಗೊತ್ತಾಗ್ತದೆ." ಎಸಿಪಿ ಪ್ರದ್ಯುಮ್ನ ಬೆರಳು ತಿರುಗಿಸುತ್ತಾ "ಕುಛ್ ತೋ ಗಡ್‌ಬಡ್ ಹೈ" ಅಂದಾಗಲೆಲ್ಲ ಅಮ್ಮನಿಗೆ ನೆನಪಾಗುವುದು ಒಂದೇ. ಉದ್ದ ಲೋಟದಲ್ಲಿ ಮೂರು ಥರದ ಐಸ್‌ಕ್ರೀಂ, ನಡುವೆ ಜೆಲ್ಲಿ, ಹಣ್ಣು, ಗೇರುಬೀಜ. ನಮ್ಮಲ್ಲಿ ಗಡ್‌ಬಡ್ ಅಂದರೆ ಅದೇ ತಾನೆ. ಎಷ್ಟೋ ಎಪಿಸೋಡಿನಲ್ಲಿ ಕೊಲೆಗಾರ ಸಿಗುವ ಮೊದಲು ಐಸ್‌ಕ್ರೀಂ ತರಲು ನಾನು ಚಪ್ಪಲಿ ಹಾಕಿದ್ದುಂಟು.

ಅದಕ್ಕೂ ಮೊದಲು, 1993ರಲ್ಲಿ, ದೂರದರ್ಶನದಲ್ಲಿ 'ಬ್ಯೋಮಕೇಶ ಬಕ್ಷಿ' ಬರುತ್ತಿತ್ತು. ಬಾಸು ಚಟರ್ಜಿ ಮಾಡಿದ್ದು. ಈಗ ಮತ್ತೆ ನೋಡುವಾಗ ನನಗೆ ತುಂಬಾ ಹಿಡಿಸಿದ್ದು ಅವನ ಬುದ್ಧಿಗಿಂತ ಅವನ ಬಟ್ಟೆ. ಕಲ್ಕತ್ತಾದ ಸೆಕೆ ನಮ್ಮದರ ಅಣ್ಣ. ಅಲ್ಲಿ ಧೋತರ, ಸಡಿಲ ಜುಬ್ಬಾ ಹಾಕಿ ಕೂತು ಯೋಚಿಸುವ ಮನುಷ್ಯ. ತನ್ನನ್ನು ಪತ್ತೇದಾರ ಅನ್ನುವುದೂ ಅವನಿಗೆ ಇಷ್ಟವಿಲ್ಲ, ಸತ್ಯಾನ್ವೇಷಿ ಅನ್ನಬೇಕು. ಊರಿನ ಹವೆಗೆ ತಕ್ಕ ಹಾಗೆ ಉಟ್ಟ ಪತ್ತೇದಾರ ನಾನು ನೋಡಿದ ಮಟ್ಟಿಗೆ ಇವನೊಬ್ಬನೇ.

ಇದಕ್ಕೆ ಪೂರಾ ಉಲ್ಟಾ ಇನ್ನೊಬ್ಬ ಇದ್ದಾನೆ. ಬಿಬಿಸಿಯ 'ಡೆತ್ ಇನ್ ಪ್ಯಾರಡೈಸ್' 2011ರಲ್ಲಿ ಶುರುವಾಯಿತು. ಕೆರಿಬಿಯನ್‌ನ ಸೇಂಟ್ ಮರಿ ಅನ್ನುವ ಕಾಲ್ಪನಿಕ ದ್ವೀಪ, ಚಿತ್ರೀಕರಣ ಮಾಡಿದ್ದು ಗ್ವಾಡೆಲೂಪ್‌ನಲ್ಲಿ. ಅಲ್ಲಿಗೆ ಲಂಡನ್ನಿನಿಂದ ರಿಚರ್ಡ್ ಪೂಲ್ ಅನ್ನುವ ಇನ್‌ಸ್ಪೆಕ್ಟರ್ ಬರುತ್ತಾನೆ. ತೆಂಗಿನಮರ, ಸಮುದ್ರ, ಉರಿಬಿಸಿಲು. ಇವನು ಮಾತ್ರ ಸೂಟು, ಟೈ, ಕೈಯಲ್ಲಿ ಬ್ರೀಫ್‌ಕೇಸು. ಬಿಸಿ ಚಹಾ ಬೇರೆ ಬೇಕು. ಮನೆಯಲ್ಲಿ ಒಂದು ಹಲ್ಲಿ ಬಿಟ್ಟರೆ ಜೊತೆಗೆ ಯಾರೂ ಇಲ್ಲ. ಅಮ್ಮ ಒಂದು ಸೀಸನ್ ಇಡೀ ಅವನ ಕೋಟಿನ ಚಿಂತೆ ಮಾಡಿದರು. "ಅಲ್ಲಿ ಅವನಿಗೆ ಹೇಳುವವರು ಯಾರೂ ಇಲ್ವಾ? ಪಾಪ, ಅದರ ಒಳಗೆ ಬೆವರುಸಾಲೆ ಎದ್ದಿರಬಹುದು."

ನೋಡದವರು ಮುಂದಿನ ಎರಡು ಸಾಲು ಬಿಟ್ಟು ಓದಿ. ಮೂರನೇ ಸೀಸನ್ನಿನ ಮೊದಲ ಎಪಿಸೋಡಿನಲ್ಲೇ ಅವನನ್ನು ಕೊಂದುಬಿಡುತ್ತಾರೆ, ಅದೂ ಮಂಜುಗಡ್ಡೆ ಒಡೆಯುವ ಮೊನಚು ಕಡ್ಡಿಯಿಂದ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ, "ಅಷ್ಟು ಐಸು ಇದ್ದದ್ದು ಹೌದಾದ್ರೆ ಅವನಿಗೆ ಮೊದಲೇ ಒಂದು ಗ್ಲಾಸ್ ಶರಬತ್ತು ಮಾಡಿ ಕೊಡಬಹುದಿತ್ತು" ಅಂದರು.

ಆದರೆ ನಿಜವಾಗಿ ಸೆಕೆಗೆ ಆಗಿಬರುವುದು ಚಳಿದೇಶದ ಕೊಲೆ. ಹೋದ ಬೇಸಿಗೆಯಲ್ಲಿ ಡೆನ್ಮಾರ್ಕಿನ 'ದಿ ಕಿಲ್ಲಿಂಗ್' ಹಿಡಿದೆವು. 2007ರದ್ದು, ಮೊದಲ ಸೀಸನ್ನಿನಲ್ಲಿ 20 ಎಪಿಸೋಡು. ಇಪ್ಪತ್ತಕ್ಕೂ ಸೇರಿ ಒಂದೇ ಹುಡುಗಿಯ ಕೊಲೆ, ಒಂದು ಎಪಿಸೋಡಿಗೆ ಒಂದು ದಿನ. ಕೋಪನ್‌ಹೇಗನ್ನಿನ ನವೆಂಬರ್. ಯಾವಾಗಲೂ ಕತ್ತಲೆ, ಯಾವಾಗಲೂ ಜಿಟಿಜಿಟಿ. ಸಾರಾ ಅನ್ನುವ ಪೊಲೀಸ್ ಹೆಂಗಸು ಫೆರೋ ದ್ವೀಪಗಳ ಉಣ್ಣೆಯ ಸ್ವೆಟರ್ ಹಾಕಿಕೊಂಡೇ ಇರುತ್ತಾಳೆ. ಇಂಗ್ಲಿಷ್ ಸಬ್‌ಟೈಟಲ್ ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ನಾಲ್ಕನೇ ದಿನ ಅಮ್ಮ ಕೇಳಿದರು, "ಆ ಸ್ವೆಟರ್ ಅವಳು ಒಗೆಯುದೇ ಇಲ್ವಾ?" ಒಗೆದರೆ ಅಲ್ಲಿ ಒಣಗಬೇಕಲ್ಲ ಅಮ್ಮ, ಅಂದೆ. ನಮ್ಮ ಹಾಗೇ.

ಈ ಚಳಿದೇಶದ ಕತೆಗಳಲ್ಲಿ ಡಾಕ್ಟರು ಬಂದು ಹೆಣದ ಉಷ್ಣ ನೋಡಿ, "ರಾತ್ರಿ ಹತ್ತರಿಂದ ಹನ್ನೆರಡರ ಒಳಗೆ" ಅಂತ ಹೇಳಿಬಿಡುವುದುಂಟು. ನನಗೆ ಯಾವಾಗಲೂ ಒಂದು ತಮಾಷೆಯ ಯೋಚನೆ. ಜೀವ ಹೋದ ಮೈ ಸುತ್ತಲಿನ ಗಾಳಿಗೆ ಶಾಖ ಬಿಡುತ್ತಾ ತಣಿಯುತ್ತದೆ, ತಂಪು ದೇಶದಲ್ಲಿ ಗಂಟೆಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಅನ್ನುವುದು ಒರಟು ಲೆಕ್ಕ. ಮೇ ತಿಂಗಳಲ್ಲಿ ನಮ್ಮ ಹಾಲು, ಅಂದರೆ ಈ ಟೀವಿ ಇರುವ ಕೋಣೆ, ರಾತ್ರಿ ಹತ್ತಕ್ಕೂ 32 ಡಿಗ್ರಿ ಇರುತ್ತದೆ. ಮೈಯ 37ಕ್ಕೂ ಅದಕ್ಕೂ ಐದೇ ಡಿಗ್ರಿ ಅಂತರ. ಇಲ್ಲಿ ಹೆಣ ತಣಿಯುವುದೂ ನಿಧಾನ, ಲೆಕ್ಕ ತಪ್ಪುವುದೂ ಸುಲಭ. ಸತ್ತ ಮೇಲೆ ಮೈ ಸೆಟೆದುಕೊಳ್ಳುವುದು ಮಾತ್ರ ಸೆಕೆಗೆ ಬೇಗ ಬಂದು ಬೇಗ ಹೋಗುತ್ತದೆ. ಕೊಲೆಗಾರ ಏಸಿ ಜೋರು ಮಾಡಿ ಹೋಗಿ ಡಾಕ್ಟರನ್ನು ಯಾಮಾರಿಸುವ ಉಪಾಯವೂ ಕತೆಗಳಲ್ಲಿ ಬರುತ್ತದೆ. ಅಂಥದ್ದೊಂದನ್ನು ಅಮ್ಮ ಹತ್ತನೇ ನಿಮಿಷಕ್ಕೇ ಹಿಡಿದಿದ್ದರು. "ಆ ಮನೆಯ ಕರೆಂಟ್ ಬಿಲ್ ನೋಡ್ಲಿಕ್ಕೆ ಹೇಳು."

ಕೋಪನ್‌ಹೇಗನ್ನಿನ ಹದಿಮೂರನೇ ದಿನ, ರಾತ್ರಿ 10:40ಕ್ಕೆ, ಕರೆಂಟ್ ಹೋಯಿತು. ಇನ್ವರ್ಟರು ಸಂಜೆಯೇ ಕೈಕೊಟ್ಟಿತ್ತು. ಆಗ ಚಿಕ್ಕಮ್ಮನೂ ಇದ್ದರು. ಯಾವುದೋ ಮದುವೆಗೆ ಅಂತ ಬಂದವರು, ಬಂದ ದಿನ ಮೂಗು ಮುರಿದು, ನಾಲ್ಕು ದಿನದಿಂದ ನಮ್ಮ ಜೊತೆಗೇ ಕೂತಿದ್ದರು. ಮೂರು ಜನ ಬಾಲ್ಕನಿಗೆ ಚಾಪೆ ಎಳೆದೆವು. ಮೂರು ಬಲ್ಬು, ಲೆಕ್ಕಕ್ಕೆ. ಕ್ಯಾಂಡಲ್ ಹಚ್ಚಲಿಲ್ಲ, ಅದರದ್ದೂ ಒಂದು ಬಿಸಿ ಯಾಕೆ. ಕೆಳಗೆ ಯಾರೋ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವ ಸದ್ದು.

"ಆ ಮೇಷ್ಟ್ರೇ" ಅಂದರು ಚಿಕ್ಕಮ್ಮ ಕತ್ತಲಲ್ಲಿ.

"ಮೇಷ್ಟ್ರು ಅಲ್ಲ. ಕೊಂದವ ನಿದ್ದೆ ಮಾಡುದಿಲ್ಲ. ಯಾರ ಕಣ್ಣಿನ ಕೆಳಗೆ ಕಪ್ಪು ಉಂಟು ನೋಡು" ಅಂತ ಅಮ್ಮ.

"ಎಲ್ಲರಿಗೂ ಉಂಟಲ್ಲ ಅಕ್ಕ, ಆ ಪೊಲೀಸಿನವಳಿಗೂ ಉಂಟು."

"ಅವಳಿಗೆ ಆ ಸ್ವೆಟರಿನಿಂದ."

ಹನ್ನೆರಡೂವರೆಗೆ ಕರೆಂಟ್ ಬಂತು. ಅಷ್ಟರ ತನಕ ಯಾರೂ ಸೆಕೆ ಅನ್ನಲಿಲ್ಲ. ಅದು ನನಗೆ ಗೊತ್ತಾದದ್ದು ಮರುದಿನ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಕೆಳಗಿನ ಕಾರ್ ಶೆಡ್ಡಿನ ತಗಡಿನ ಮೇಲೆ ಅದರ ಸದ್ದು ಎಷ್ಟು ಅಂದರೆ ಟೀವಿಯಲ್ಲಿ ಯಾರು ಏನು ಹೇಳಿದರೂ ಕೇಳುವುದಿಲ್ಲ. ಅಮ್ಮ ಒಂಬತ್ತೂವರೆಗೇ ಹೊದಿಕೆ ಎಳೆದು ಮಲಗಿದರು. ನಾನೂ ಮಲಗಿದೆ. ಎರಡು ಎಪಿಸೋಡು ಬಾಕಿ ಇತ್ತು.

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದರು. ಅತ್ತ ಇತ್ತ ಮಾತಾಡಿ, ಕೊನೆಗೆ ದನಿ ಇಳಿಸಿ ಕೇಳಿದರು, "ಅಲ್ವೇ, ಕೊನೆಗೆ ಕೊಂದದ್ದು ಯಾರು?"

"ನೋಡಿಲ್ಲ ಚಿಕ್ಕಮ್ಮ. ಮಳೆ ಬಂತಲ್ಲ. ಇನ್ನು ಮಾರ್ಚ್‌ಗೇ."

"ನಿಮಗೆ ಇಬ್ಬರಿಗೂ ತಲೆ ಸರಿ ಇಲ್ಲ ಮಾರಾಯ್ತಿ" ಅಂತ ಫೋನ್ ಇಟ್ಟರು.