ಒತ್ತಕ್ಷರಕ್ಕೆ ಎಷ್ಟು ಚೌಕ?

ಸರ್ವರ್‌ನಲ್ಲಿ ಕಡತಗಳ ಪಟ್ಟಿ ಕೇಳಿದರೆ ಕನ್ನಡದ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಲೊಕೇಲನ್ನು, ಅಂದರೆ ಭಾಷೆ-ಲಿಪಿಯ ಸೆಟ್ಟಿಂಗನ್ನು, ಎಲ್ಲ ಲಿಪಿಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8ಕ್ಕೆ ಬದಲಿಸಿದೆ, ಅಕ್ಷರಗಳು ಬಂದವು. ಬಂದವು ಎನ್ನುವುದೂ ಅರ್ಧ ಸತ್ಯ: ‘ಲೆಕ್ಕಪತ್ರ’ದ ಒತ್ತುಗಳು ಕಳಚಿ ‘ಲೆಕ್‌ಕಪತ್‌ರ’ ಎಂದು ಪಕ್ಕಪಕ್ಕ ಕುಳಿತಿದ್ದವು.

ಆದೇಶ ಟೈಪಿಸಿ ಉತ್ತರ ಓದುವ ಈ ಪರದೆ, ಟರ್ಮಿನಲ್, ಎಂದರೆ ಸಮ ಅಳತೆಯ ಚೌಕಗಳ ಜಾಲ. ಚೌಕಕ್ಕೊಂದು ಅಕ್ಷರ ಎಂಬುದು ಇಂಗ್ಲಿಷಿಗೆ ಹೊಲಿದ ಅಂಗಿ. ನಮ್ಮ ‘ಕ್ಷ’ ಕಣ್ಣಿಗೆ ಒಂದೇ ಅಕ್ಷರ; ಲಿಪಿಗಳ ಜಾಗತಿಕ ಸಂಕೇತಪಟ್ಟಿಯಾದ ಯೂನಿಕೋಡಿನಲ್ಲಿ ಕ, ವಿರಾಮ (ವ್ಯಂಜನಗಳನ್ನು ಬೆಸೆಯುವ ಚಿಹ್ನೆ), ಷ ಎಂಬ 3 ಸಂಕೇತ, ಯುಟಿಎಫ್-8ರಲ್ಲಿ 9 ಬೈಟ್. ಅದಕ್ಕೆ ಎಷ್ಟು ಚೌಕ ಎಂಬ ವಿಷಯದಲ್ಲಿ ಆದೇಶಗಳನ್ನು ನಡೆಸುವ ಶೆಲ್‌ಗೂ ಟರ್ಮಿನಲ್‌ಗೂ ಹೊಂದಾಣಿಕೆಯಾಗದಿದ್ದರೆ ಕರ್ಸರ್ ಒಂದು ಕಡೆ, ಅಳಿಸಿಹೋಗುವುದು ಇನ್ನೊಂದು ಕಡೆ!

ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಿಬಿಡಿ ಎನ್ನುತ್ತಾರೆ ಸಹೋದ್ಯೋಗಿಗಳು. ನಾನಂತೂ ಬದಲಿಸುವುದಿಲ್ಲ. ಬೈಟ್‌ಗಳು ಸರಿಯಾಗಿಯೇ ಇವೆ; ತಿದ್ದಿಕೊಳ್ಳಬೇಕಾದದ್ದು ಪರದೆ.