ನಡುಗುವ ಕೈ, ಐವತ್ತು ಮೀಟರ್ ದೂರದ ಕಾಯಿ

ನನ್ನ ಕೈ ನಡುಗುತ್ತದೆ. ಕಪ್ಪು-ಸಾಸರ್ ಕೊಟ್ಟರೆ ಟಣಟಣ ಸದ್ದು ಬರುತ್ತದೆ, ಅದಕ್ಕೇ ಮನೆಯಲ್ಲಿ ನನಗೊಂದು ದೊಡ್ಡ ಮಗ್. ಅಮ್ಮನಿಗೂ ಹೀಗೇ ಇತ್ತು. ಡಾಕ್ಟರು ಇದನ್ನು ಎಸೆನ್ಷಿಯಲ್ ಟ್ರೆಮರ್ ಅಂದರು. ಪಾರ್ಕಿನ್ಸನ್ ಅಲ್ಲ. ಅದರಲ್ಲಿ ಕೈ ಸುಮ್ನೆ ಮಡಿಲಲ್ಲಿ ಇದ್ದಾಗ ಜಾಸ್ತಿ ನಡುಗುತ್ತದೆ. ನಮ್ಮದು ಏನಾದರೂ ಹಿಡಿಯಲು, ಎತ್ತಲು ಹೋದಾಗ. ಅಂದರೆ ಕೋವಿ ಎತ್ತಿದ ಕೂಡಲೇ ಶುರು!

ಕೊಡಗಿನಲ್ಲಿ ಹುಟ್ಟಿ ಕೋವಿ ಬಿಟ್ಟು ಇರುವುದು ಕಷ್ಟ. ಸೆಪ್ಟೆಂಬರ್ 3ರ ಹೊತ್ತಿಗೆ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ನಾಟಿ ಮುಗಿದಿರುತ್ತದೆ. ಕೋವಿಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ, ಅಕ್ಕಿಯುಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ನಮ್ಮೂರಲ್ಲಿ ಪಾಯಿಂಟ್ 22 ರೈಫಲ್‌ಗೆ 50 ಮೀಟರ್ ದೂರ. ನಿಂತೇ ಹೊಡೆಯಬೇಕು, ಏನಕ್ಕೂ ಒರಗುವಂತಿಲ್ಲ. ಹೆಂಗಸರೂ ಹೊಡೆಯುತ್ತೇವೆ. "ಅತ್ತಿಗೆ, ನೀವು ಕೋವಿ ಎತ್ತಿದರೆ ಕಾಯಿ ಬೀಳಲ್ಲ, ಪಕ್ಕದ ಮರದ ಕಾಗೆ ಬೀಳುತ್ತೆ" ಅಂತ ಮೈದುನ ಪ್ರತಿ ವರ್ಷ ಹೇಳುತ್ತಾನೆ. ಹೇಳಲಿ ಬಿಡಿ.

ಕೈ ನಡುಗುವವರು ಮಾಡುವ ಮೊದಲ ಕೆಲಸ ಏನು ಗೊತ್ತಾ? ಕೋವಿಯನ್ನು ಬಿಗಿಯಾಗಿ ಅದುಮಿ ಹಿಡಿಯುವುದು. ಬಿಗಿ ಹಿಡಿದಷ್ಟೂ ನಡುಕ ಹೆಚ್ಚುತ್ತದೆ. ನಡುಗುವುದು ಕೆಲಸ ಮಾಡುತ್ತಿರುವ ಸ್ನಾಯು. ಆದ್ದರಿಂದ ಕೈಯನ್ನು ಸುಮ್ಮನಾಗಿಸಲು ಹೋಗಬೇಡಿ, ಕೈಯಿಂದ ಕೆಲಸ ಕಿತ್ತುಕೊಳ್ಳಿ. ಕೋವಿಯ ಭಾರ ಮೂಳೆಯ ಮೇಲೆ ಬೀಳಬೇಕು.

ನಾನು ನಿಲ್ಲುವುದು ಹೀಗೆ. ಗುರಿಗೆ ಎದುರಾಗಿ ಅಲ್ಲ, ಎಡಭುಜ ಕಾಯಿಯ ಕಡೆಗಿರುವಂತೆ ಅಡ್ಡಕ್ಕೆ. ಎಡಮೊಣಕೈಯನ್ನು ಪಕ್ಕೆಗೆ ಒತ್ತಿ, ಸೊಂಟದ ಮೂಳೆಯ ಮೇಲೆ ಊರುತ್ತೇನೆ. ಬೆನ್ನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಊರಲು ಜಾಗ ಸಿಗುತ್ತದೆ. ಅಂಗೈ ಟ್ರಿಗರ್ ಸುತ್ತಲಿನ ಗಾರ್ಡ್‌ನ ಸ್ವಲ್ಪ ಮುಂದೆ, ಕೋವಿಯ ತೂಕ ಸಮವಾಗುವ ಜಾಗದಲ್ಲಿ. ಈಗ ಕೋವಿಯಿಂದ ಅಂಗೈಗೆ, ಮುಂಗೈಗೆ, ಸೊಂಟಕ್ಕೆ, ಕಾಲಿಗೆ, ನೆಲಕ್ಕೆ ಭಾರ ನೇರ ಇಳಿಯುತ್ತದೆ. ಒಲಿಂಪಿಕ್ಸ್‌ನಲ್ಲಿ ನಿಂತು ಹೊಡೆಯುವ ರೈಫಲ್‌ನವರನ್ನು ನೋಡಿ, ಹೆಚ್ಚುಕಡಿಮೆ ಎಲ್ಲರೂ ಹೀಗೇ ನಿಲ್ಲುತ್ತಾರೆ. ಹೆಂಗಸರಿಗೆ ಸೊಂಟ ಅಗಲ, ಇದೊಂದು ವಿಷಯದಲ್ಲಿ ನಮಗೇ ಲಾಭ. ಮೈದುನ ನಳಿಗೆಯ ಕಡೆಗೆ ಕೈ ಚಾಚಿ ಸಿನಿಮಾದವರ ಹಾಗೆ ಹಿಡಿಯುತ್ತಾನೆ. ನೋಡಲು ಚೆಂದ.

ಕೈಯನ್ನು ಹಿಂದಕ್ಕೆ ತರುವುದರಲ್ಲಿ ಇನ್ನೊಂದು ಗುಟ್ಟಿದೆ. ಕೋವಿ ಇಡಿಯಾಗಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಪಕ್ಕಕ್ಕೆ ಹೋಗುತ್ತದೆ. ಕಾಯಿಗೆ ಅದೇನೂ ಅಲ್ಲ. ಆದರೆ ಕೋವಿಯ ಹಿಂತುದಿ, ಅಂದರೆ ಬಟ್, ಭುಜದಲ್ಲೇ ಇದ್ದು ನಳಿಗೆಯ ತುದಿ ಮಾತ್ರ ಅಲುಗಿದರೆ ಲೆಕ್ಕವೇ ಬೇರೆ. ಗುರಿ ನೋಡಲು ಕೋವಿಯ ಮೇಲೆ ಹಿಂದೊಂದು, ಮುಂದೊಂದು ಸೈಟ್ ಇರುತ್ತದೆ. ಎರಡರ ನಡುವೆ 60 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಮುಂದಿನದು ಒಂದು ಮಿಲಿಮೀಟರ್ ಆಚೀಚೆ ಆದರೆ 50 ಮೀಟರ್‌ನಲ್ಲಿ ಗುಂಡು 8 ಸೆಂಟಿಮೀಟರ್ ಆಚೀಚೆ. ಸುಲಿದ ಕಾಯಿಯ ನಡುವಿನಿಂದ ಅಂಚಿಗೆ ಅಷ್ಟು ದೂರ ಇರುವುದಿಲ್ಲ. ಮುಂದೆ ಚಾಚಿದ ನಡುಗುವ ಕೈ ಅಲುಗಿಸುವುದು ಆ ತುದಿಯನ್ನೇ.

ಇಷ್ಟೆಲ್ಲ ಮಾಡಿದರೂ ಸೈಟ್ ನಿಲ್ಲುವುದಿಲ್ಲ. ಕಾಯಿಯ ಸುತ್ತ ಗಿರಗಿರ ತಿರುಗುತ್ತಲೇ ಇರುತ್ತದೆ. ಯಾರ ಕೈಯಲ್ಲೂ ಪೂರ್ತಿ ನಿಲ್ಲಲ್ಲ, ನಮ್ಮದು ಸ್ವಲ್ಪ ದೊಡ್ಡ ಸುತ್ತು, ಅಷ್ಟೇ. ಕೆಲಸ ಕೆಡುವುದು ಆಮೇಲೆ. ಸೈಟ್ ನಡುವಿಗೆ ಬಂದ ಕ್ಷಣಕ್ಕೆ "ಈಗ!" ಅಂತ ಬೆರಳು ಎಳೆದುಬಿಡುತ್ತದೆ. ಆ ಎಳೆತಕ್ಕೆ ಕೋವಿ ಜಗ್ಗುತ್ತದೆ, ಗುಂಡು ಬಲಕ್ಕೋ ಕೆಳಕ್ಕೋ. ನಡುಕದಿಂದ ತಪ್ಪುವ ಗುಂಡಿಗಿಂತ ಈ ಆತುರದಿಂದ ತಪ್ಪುವುದೇ ಜಾಸ್ತಿ ಅಂತ ನನ್ನ ಅನಿಸಿಕೆ. ಸೈಟ್ ತಿರುಗಲಿ. ಬೆರಳಿನ ತುದಿಯಿಂದ ಟ್ರಿಗರನ್ನು ಒಂದೇ ಸಮನೆ ಹಿಂದಕ್ಕೆ ಒತ್ತುತ್ತಾ ಹೋಗಿ. ಯಾವಾಗ ಸಿಡಿಯಿತು ಅಂತ ನಿಮಗೇ ಗೊತ್ತಾಗಬಾರದು. ಸಿಡಿದ ಮೇಲೂ ಒಂದು ಕ್ಷಣ ಹಾಗೇ ನೋಡುತ್ತಿರಿ, ತಕ್ಷಣ ತಲೆ ಎತ್ತಬೇಡಿ.

ಉಸಿರು ಅರ್ಧ ಬಿಟ್ಟು ನಿಲ್ಲಿಸುವುದು ಎಲ್ಲರಿಗೂ ಗೊತ್ತು. ಎಷ್ಟು ಹೊತ್ತು ಅನ್ನುವುದು ಮರೆತುಹೋಗುತ್ತದೆ. ಏಳೆಂಟು ಸೆಕೆಂಡಿನಲ್ಲಿ ಗುಂಡು ಹೋಗದಿದ್ದರೆ ಕೋವಿ ಇಳಿಸಿಬಿಡಿ. ಆಮೇಲೆ ಕಣ್ಣೂ ಮಂಜು, ನಡುಕವೂ ದುಪ್ಪಟ್ಟು. ಹಿಂದೆ ಜನ "ಹೊಡೀರಿ, ಹೊಡೀರಿ" ಅನ್ನುತ್ತಿರುವಾಗ ಇಳಿಸಲು ಸ್ವಲ್ಪ ಭಂಡತನ ಬೇಕು.

ಮನೆಯಲ್ಲಿ ಕಾಫಿ ಕಣದ ತುದಿಯಲ್ಲಿ ಏರ್‌ಗನ್ನಿನಿಂದ ಅಭ್ಯಾಸ ಮಾಡುತ್ತೇನೆ, ಹಿಂದೆ ಎತ್ತರದ ಮಣ್ಣಿನ ಬರೆ ಇದೆ. ಬರೆ ಇಲ್ಲದ ಕಡೆ ಪಾಯಿಂಟ್ 22 ಅಂತೂ ತೆಗೆಯಲೇಬೇಡಿ, ಅದರ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗುತ್ತದೆ. ಟ್ರಿಗರ್ ಒಂದನ್ನೇ ಕಲಿಯಲು ಕೂತು, ಮೂಟೆಯ ಮೇಲೆ ಕೋವಿ ಇಟ್ಟು ಹೊಡೆಯುವುದು ಒಳ್ಳೆಯದು. ಮಗನ ಹಳೇ ಜೀನ್ಸಿನ ಕಾಲು ಕತ್ತರಿಸಿ, ಮರಳು ತುಂಬಿ, ಎರಡೂ ಬದಿ ಹೊಲಿದರೆ ಮೂಟೆ ತಯಾರು. ಅಕ್ಕಿ ತುಂಬಬೇಡಿ, ಇಲಿ ಬರುತ್ತದೆ. ಬಟ್‌ನ ಕೆಳಗೂ ಒಂದು ಚಿಕ್ಕ ಮೂಟೆ ಇಟ್ಟು, ಅದನ್ನು ಎಡಗೈಯಲ್ಲಿ ಹಿಂಡಿದರೆ ನಳಿಗೆ ಕೂದಲೆಳೆಯಷ್ಟು ಕೆಳಗಾಗುತ್ತದೆ, ಬಿಟ್ಟರೆ ಮೇಲಾಗುತ್ತದೆ. ಎಡಗೈಗೆ ಅಲ್ಲಿ ಅಷ್ಟೇ ಕೆಲಸ.

ಸ್ಪ್ರಿಂಗ್ ಏರ್‌ಗನ್ ಇದ್ದವರಿಗೆ ಒಂದು ಮಾತು. ಪೆಲೆಟ್, ಅಂದರೆ ಅದರ ಪುಟ್ಟ ಗುಂಡು, ನಳಿಗೆ ದಾಟುವ ಮೊದಲೇ ಒಳಗಿನ ಪಿಸ್ಟನ್ ಕೋವಿಯನ್ನು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಗಟ್ಟಿ ಮೂಟೆಯ ಮೇಲೆ ನೇರ ಇಟ್ಟರೆ ಗುಂಡು ಎಲ್ಲೆಲ್ಲೋ ಬೀಳುತ್ತದೆ. ಮೂಟೆಯ ಮೇಲೆ ಅಂಗೈ ಬಿಚ್ಚಿ ಇಟ್ಟು, ಅದರ ಮೇಲೆ ಕೋವಿಯನ್ನು ಸಡಿಲವಾಗಿ ಕೂರಿಸಿ. ಒದೆಯಲು ಬಿಡಿ. ಬಿಗಿ ಹಿಡಿಯಲಾಗದ ನಮ್ಮಂಥವರಿಗೆ ಹೇಳಿ ಮಾಡಿಸಿದ ಕೋವಿ ಅಲ್ವಾ? ಆದರೆ ಪೆಲೆಟ್ ಇಲ್ಲದೆ ಅದನ್ನು ಹೊಡೆಯಬೇಡಿ, ಒಳಗಿನ ಸೀಲ್ ಹಾಳಾಗುತ್ತದೆ.

ನಳಿಗೆಯ ಮೇಲೆ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಒತ್ತಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ನನ್ನ ನಾಣ್ಯ ಟ್ರಿಗರ್ ಮುಟ್ಟುವ ಮೊದಲೇ ನೆಲದಲ್ಲಿರುತ್ತದೆ. ಆ ಪಾಠ ನಮಗಲ್ಲ.

ಮಾತ್ರೆ ಇಲ್ಲವಾ ಅಂತ ಕೇಳುತ್ತೀರಿ. ಇದೆ. ಈ ನಡುಕಕ್ಕೆ ಡಾಕ್ಟರು ಪ್ರೊಪ್ರನೊಲಾಲ್ ಬರೆಯುವುದುಂಟು. ಉಬ್ಬಸ ಇದ್ದವರಿಗೆ ಅದು ಆಗಿಬರುವುದಿಲ್ಲ, ಹಾಗಾಗಿ ಅವರಿವರ ಮಾತು ಕೇಳಿ ನುಂಗುವ ವಸ್ತುವಲ್ಲ. ದೊಡ್ಡ ಶೂಟಿಂಗ್ ಸ್ಪರ್ಧೆಗಳಲ್ಲಂತೂ ಅದು ನಿಷಿದ್ಧ. ಅಭಿನವ್ ಬಿಂದ್ರಾ ಚಿನ್ನ ಗೆದ್ದ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲೇ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಪಿಸ್ತೂಲಿನಲ್ಲಿ ಒಂದು ಬೆಳ್ಳಿ, ಒಂದು ಕಂಚು ಗೆದ್ದು, ಇದೇ ಮಾತ್ರೆಯಿಂದಾಗಿ ಎರಡನ್ನೂ ಕಳೆದುಕೊಂಡರು. ಕೈ ನಿಲ್ಲಿಸುವ ಮಾತ್ರೆಯನ್ನು ಮೋಸ ಅನ್ನುತ್ತಾರೆ, ಭಾರ ಹೊರುವ ಸ್ಟ್ಯಾಂಡನ್ನು ಅಲ್ಲ. ಪ್ಯಾರಾ ಶೂಟಿಂಗ್‌ನಲ್ಲಿ ಎಸ್‌ಎಚ್2 ಅಂತ ಒಂದು ವರ್ಗವಿದೆ, ಕೋವಿಯ ಭಾರವನ್ನು ತೋಳು ಹೊರಲಾಗದವರಿಗೆ. ಸ್ಪ್ರಿಂಗ್ ಇರುವ ಸ್ಟ್ಯಾಂಡ್ ಮೇಲೆ ರೈಫಲ್ ಕೂರಿಸಿ ಹೊಡೆಯುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ಹೋಗಿದ್ದು ಇದೇ ವರ್ಗದಲ್ಲಿ. ಇದು ನ್ಯಾಯವೇ ಅಂತ ನನಗನಿಸುತ್ತದೆ. ಸ್ಟ್ಯಾಂಡ್ ಟ್ರಿಗರ್ ಒತ್ತುವುದಿಲ್ಲವಲ್ಲ.

ನಾನು ಮಾತ್ರೆ ತಗೊಳ್ಳುತ್ತಿಲ್ಲ. ಹಬ್ಬದ ದಿನ ಬೆಳಿಗ್ಗೆಯಿಂದ ಕಾಫಿ ಮಾತ್ರ ಬಿಡುತ್ತೇನೆ, ಅದು ನಡುಕ ಹೆಚ್ಚಿಸುತ್ತದೆ. ಹಿತ್ತಲಿನಿಂದ ಗೇಟಿನವರೆಗೂ ಕಾಫಿ ಗಿಡ ಇಟ್ಟುಕೊಂಡು ಬಿಸಿನೀರು ಕುಡಿಯುವ ಸಂಕಟ ನಿಮಗೆ ಅರ್ಥವಾಗಲಿಕ್ಕಿಲ್ಲ.

ಈ ಸಲ ನನಗೆ ಉಳಿದಿರುವ ತೊಂದರೆ ಕೈಯದ್ದಲ್ಲ, ಕನ್ನಡಕದ್ದು. ಕಣ್ಣು ನೆಡಬೇಕಾದ್ದು ಮುಂದಿನ ಸೈಟ್‌ನಲ್ಲಿ, ಕಾಯಿ ಸ್ವಲ್ಪ ಮಸುಕಾಗಿ ಕಂಡರೂ ಪರವಾಗಿಲ್ಲ. ಬೈಫೋಕಲ್‌ನಲ್ಲಿ ಮೇಲಿನಿಂದ ನೋಡಿದರೆ ಕಾಯಿ ಮಾತ್ರ ಸ್ಪಷ್ಟ, ಕೆಳಗಿನಿಂದ ನೋಡಿದರೆ ಹಿಂದಿನ ಸೈಟ್ ಮಾತ್ರ. ವಿರಾಜಪೇಟೆಗೆ ಹೋಗಿ, ಮುಂದಿನ ಸೈಟ್ ಇರುವ ದೂರವನ್ನು ದಾರದಲ್ಲಿ ಅಳೆದು ಕೊಟ್ಟು, ಅಷ್ಟು ದೂರಕ್ಕೇ ಒಂದು ಗಾಜು ಮಾಡಿಸಲು ಹೇಳಿದ್ದೇನೆ. ಅಂಗಡಿಯವರು ಯಾಕೆ ಅಂತ ಕೇಳಿದರು. ಹೊಲಿಗೆ ಮೆಷಿನ್‌ಗೆ ಅಂದೆ.