ಸಂತೆಯಿಂದ ತಂದ ದನ

ಸೋಮವಾರ ಬೆಳಿಗ್ಗೆ, ನಾನು ಮನೆಯಲ್ಲಿ ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿಯ ದೀಪ ಹೊತ್ತಿಕೊಂಡ ಸ್ವಲ್ಪ ಹೊತ್ತಿಗೆ ಅಮ್ಮ ಅದರ ಮುಂದೆ ನಿಂತು, "ಇದಕ್ಕೇನೋ ಆಗಿದೆ ನೋಡು, ಕೀವು ಒಸರೋ ಹಾಗಿದೆ" ಎಂದು ಕರೆದಳು. ಟಾರ್ಚ್ ಎಂಬ ಜಾತಿಯ ಗಟ್ಟಿ ಹವಳದ ಕೊಂಬೆಗಳ ತುದಿಯ ಐದು ತಲೆಗಳಲ್ಲಿ ಒಂದರ ಮೇಲೆ, ಹಿಂದಿನ ಸಂಜೆಯವರೆಗೂ ಹಸಿರು ಎಳೆಗಳು ತೂಗಾಡುತ್ತಿದ್ದ ಜಾಗದಲ್ಲಿ, ಜೋನಿಬೆಲ್ಲದಂಥ ಕಂದು ಲೋಳೆ ಅಂಟಿಕೊಂಡಿತ್ತು. ಪಂಪಿನ ನೀರು ಬಡಿದಾಗಲೆಲ್ಲ ಅದರ ಒಂದೊಂದು ಚೂರು ಕಿತ್ತು ಪಕ್ಕದ ತಲೆಗಳತ್ತ ತೇಲುತ್ತಿತ್ತು.

ಹವ್ಯಾಸಿಗಳು ಬ್ರೌನ್ ಜೆಲ್ಲಿ ಎಂದು ಕರೆಯುವ ರೋಗವಿದು. ಸಿಲಿಯೇಟ್‌ಗಳೆಂಬ ಏಕಕೋಶ ಜೀವಿಗಳೂ ಬ್ಯಾಕ್ಟೀರಿಯಾಗಳೂ ಆ ಲೋಳೆಯಲ್ಲಿ ತುಂಬಿರುತ್ತವೆ. ನಾನು ಮೊದಲು ಪಂಪುಗಳನ್ನು ನಿಲ್ಲಿಸಿದೆ. ಹವಳವನ್ನು ಹಾಗೆಯೇ ಮೇಲೆತ್ತಿದರೆ ಲೋಳೆ ತೊಟ್ಟಿಯ ತುಂಬ ಹರಡುವುದರಿಂದ, ನೀರಿನೊಳಗೇ ಅದನ್ನು ಸಿರಿಂಜಿನಿಂದ ಹೀರಿ ತೆಗೆದೆ. ಆಮೇಲೆ ಹವಳವನ್ನು ಹೊರಗೆ ತಂದು, ರೋಗ ತಗಲಿದ ಕೊಂಬೆಯನ್ನು ಬುಡದಲ್ಲಿ ಕತ್ತರಿಸಿ, ಉಳಿದದ್ದನ್ನು ತೊಟ್ಟಿಯದೇ ನೀರಿಗೆ ಸೋಂಕುನಾಶಕವಾದ ಲ್ಯೂಗಾಲ್ ಅಯೋಡಿನ್ ಬೆರೆಸಿ ಅದರಲ್ಲಿ ಹತ್ತು ನಿಮಿಷ ಅದ್ದಿಟ್ಟೆ. ಕತ್ತರಿಸಿದ ಕೊಂಬೆಯಿಂದ ಕೊಳೆತ ಮೀನಿನ ವಾಸನೆ ಬರುತ್ತಿತ್ತು.

ಮಗ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಅಮ್ಮ ಕೇಳಿದಳು: "ಪಕ್ಕದಲ್ಲಿ ಹೊಸದೊಂದು ಇಟ್ಟಿದ್ದೆಯಲ್ಲ, ಅದನ್ನ ತಂದು ಎಷ್ಟು ದಿನ ಆಯ್ತು?"

"ಹನ್ನೆರಡು ದಿನ."

"ಬೇರೆ ಇಟ್ಟಿದ್ಯಾ?"

ನಾನು ಉತ್ತರಿಸಲಿಲ್ಲ.

"ಸಂತೆಯಿಂದ ತಂದ ದನಾನ ಅವತ್ತೇ ಕೊಟ್ಟಿಗೆಗೆ ಕಟ್ತಾರೇನೋ?"

ತೀರ್ಥಹಳ್ಳಿಯ ಕಡೆಯ ಅಮ್ಮ ಕಾಲುಬಾಯಿ ಜ್ವರಕ್ಕೆ ಕೊಟ್ಟಿಗೆಯೇ ಮಲಗಿದ್ದನ್ನು ಕಂಡವಳು. ಹವಳವೆಂದರೆ ಉಂಗುರಕ್ಕೆ ಕೂರಿಸುವ ಕೆಂಪು ಕಲ್ಲು ಎಂದು ಅಮೆರಿಕದ ಫ್ಲಾರಿಡಾದಲ್ಲಿರುವ ಟ್ಯಾಂಪಾದ ನಮ್ಮ ಮನೆಗೆ ಬರುವವರೆಗೂ ತಿಳಿದಿದ್ದಳು. ಊರಿನಲ್ಲೇ ಇದ್ದಿದ್ದರೆ ನನಗೂ ಈ ಹವ್ಯಾಸ ಇರುತ್ತಿರಲಿಲ್ಲ. ಭಾರತದಲ್ಲಿ ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅವನ್ನು ಮನೆಯಲ್ಲಿ ಸಾಕುವಂತಿಲ್ಲ.

ಅಮ್ಮನ ಆ ದನದ ಮಾತು ವಾರವಿಡೀ ಕಿವಿಯಲ್ಲೇ ಉಳಿಯಿತು, ಏಕೆಂದರೆ ನನಗೆ ತಿಳಿಯದ್ದೇನನ್ನೂ ಅಮ್ಮ ಹೇಳಿರಲಿಲ್ಲ. ತೊಟ್ಟಿಯ ನೀರಿನ ಕ್ಷಾರೀಯತೆ, ಕ್ಯಾಲ್ಸಿಯಂ, ಉಷ್ಣತೆಗಳನ್ನು ಮೂರು ವರ್ಷಗಳಿಂದ ಪುಸ್ತಕದಲ್ಲಿ ಬರೆದಿಡುತ್ತ ಬಂದ ನಾನು, ಹೊಸ ಹವಳವನ್ನು ನಾಲ್ಕರಿಂದ ಆರು ವಾರ ಬೇರೆ ತೊಟ್ಟಿಯಲ್ಲಿ ಇಡಬೇಕೆಂಬುದನ್ನೂ, ಔಷಧದ ನೀರಿನಲ್ಲಿ ಅದ್ದಿದರೆ ಹುಳುಗಳು ಉದುರಬಹುದೇ ಹೊರತು ಅವುಗಳ ಮೊಟ್ಟೆಗಳು ಸಾಯುವುದಿಲ್ಲ ಎಂಬುದನ್ನೂ ಇತರರಿಗೆ ಬೋಧಿಸಿದವನು. ಅದಕ್ಕೆಂದೇ ಕೊಂಡ ನಲವತ್ತು ಲೀಟರಿನ ತೊಟ್ಟಿ ಮಕ್ಕಳ ಹಳೆಯ ಆಟಿಕೆಗಳನ್ನು ತುಂಬಿಕೊಂಡು ಗ್ಯಾರೇಜಿನಲ್ಲಿ ಕುಳಿತಿತ್ತು. ಹವಳ ಕೊಟ್ಟವರು ಪರಿಚಿತರು, ಅವರ ತೊಟ್ಟಿ ನನ್ನದಕ್ಕಿಂತ ಸ್ವಚ್ಛವಾದದ್ದು. ಪ್ರೀತಿಯಿಂದ ಕೊಟ್ಟದ್ದನ್ನು ಶಂಕಿಸುವುದು ಅಸಭ್ಯತೆ ಎಂದೇ ನನಗೆ ಅನ್ನಿಸಿತ್ತು.

ಇದೇ ಫ್ಲಾರಿಡಾದಲ್ಲಿ, ಮಯಾಮಿಯ ಬಳಿ, 2014ರಲ್ಲಿ ಗಟ್ಟಿ ಹವಳಗಳ ಅಂಗಾಂಶವನ್ನು ಕಳಚಿಹಾಕುವ ರೋಗವೊಂದು ಮೊದಲು ಕಾಣಿಸಿಕೊಂಡು ಕೆರಿಬಿಯನ್ನಿನವರೆಗೂ ಹಬ್ಬಿತು. ಮುಳುಗುಗಾರರು ಗಾಯದ ಅಂಚಿಗೆ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಲೇಪವನ್ನು ಹಚ್ಚಿ ಕೆಲವು ಹವಳಗಳನ್ನು ಉಳಿಸಿಕೊಂಡರು. ಅದರ ಜೊತೆಗೆ, ರೋಗ ಇನ್ನೂ ಮುಟ್ಟದ, ಸಮುದ್ರದಡಿಯ ಹವಳದ ದಿಬ್ಬಗಳಿಂದ ಹವಳಗಳನ್ನು ಎತ್ತಿ ದಡದ ಮೇಲಿನ ತೊಟ್ಟಿಗಳಲ್ಲಿ ಬೇರೆಯಾಗಿ ಇಟ್ಟರು. ಅಷ್ಟು ದೊಡ್ಡ ಸಮುದ್ರಕ್ಕೂ ಕೊನೆಗೆ ಬೇಕಾದದ್ದು ಒಂದು ಪ್ರತ್ಯೇಕ ಕೊಟ್ಟಿಗೆ.

ಹೊಸ ತುಂಡು ಸೋಮವಾರ ಸಂಜೆಯೊಳಗೆ ಬಿಳಿಯ ಅಸ್ಥಿಪಂಜರವಾಯಿತು. ಹಳೆಯದರಲ್ಲಿ ಮತ್ತೆರಡು ತಲೆಗಳು ಬುಧವಾರ ಹೋದವು. ಇಡೀ ತೊಟ್ಟಿಗೇ ಆ್ಯಂಟಿಬಯಾಟಿಕ್ ಸುರಿಯುವಂತೆ ಒಬ್ಬರು ಸಲಹೆ ಕೊಟ್ಟರು. ಅಮೋನಿಯಾವನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಅದರಿಂದ ಸಾಯಬಹುದೆಂದು ನಾನು ಒಪ್ಪಲಿಲ್ಲ. ಇಂಥ ಸಲಹೆಗಾರರಿಗೆ ಎಂದೂ ಕೊರತೆಯಿಲ್ಲ.

ಹವಳ ಕೊಟ್ಟವರ ಮೇಲೆ ಎರಡು ದಿನ ಸಿಟ್ಟಾಗಿದ್ದೆ. ಆದರೆ ಅವರ ತೊಟ್ಟಿಗೂ ಅಪಾಯವಿರಬಹುದಾದ್ದರಿಂದ ಹೇಳಲೇಬೇಕಾಯಿತು. ಗುರುವಾರ ಫೋನ್ ಮಾಡಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ಕೊಡುವಾಗ ಒಂದು ತಲೆ ಸ್ವಲ್ಪ ಮುದುಡಿತ್ತು, ಸರಿಹೋಗುತ್ತೆ ಅಂದುಕೊಂಡೆ" ಎಂದರು. ನನಗೂ ಅದು ಕಂಡಿತ್ತು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಉಳಿದ ಎರಡು ತಲೆಗಳು ಈಗ ಆಟಿಕೆಗಳನ್ನು ಖಾಲಿ ಮಾಡಿದ ಆ ಸಣ್ಣ ತೊಟ್ಟಿಯಲ್ಲಿವೆ. ಅಮ್ಮ ದಿನಕ್ಕೆರಡು ಸಲ ಗ್ಯಾರೇಜಿಗೆ ಹೋಗಿ ನೋಡಿ ಬರುತ್ತಾಳೆ, ಮತ್ತು ದೊಡ್ಡ ತೊಟ್ಟಿಯ ಹತ್ತಿರ ಬರುವ ಮುಂಚೆ ಯಾರೂ ಹೇಳದೆಯೇ ಕೈ ತೊಳೆದುಕೊಳ್ಳುತ್ತಾಳೆ.